ಬಾಡಿಗೆ ಸರ್ವರ್‌ನಲ್ಲಿ ಕಟ್ಟಿದ ಊರು

ಶಹಾಪುರ ತಾಲ್ಲೂಕಿನ ನಮ್ಮ ಗೋಗಿಯಿಂದ ಸುದ್ದಿ ಬೇಕು ಎಂದು ಡೆಸ್ಕ್‌ನಿಂದ ಫೋನ್ ಬಂದರೆ ವಿಷಯ ಎರಡರಲ್ಲಿ ಒಂದು. ಮೊದಲನೆಯದು ನೆಲದಡಿಯ ಯುರೇನಿಯಂ. ಎರಡನೆಯದು ಚಂದಾ ಹುಸೇನಿ ದರ್ಗಾ ಮತ್ತು ಅಲ್ಲಿನ ಆದಿಲ್‌ಶಾಹಿ ಗೋರಿಗಳು. ಬಿಜಾಪುರದ ಆದಿಲ್‌ಶಾಹಿ ಮನೆತನ ಶುರು ಮಾಡಿದ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ, ಮೂವರೂ ಮಣ್ಣಾದದ್ದು ನಮ್ಮೂರಲ್ಲಿ. ಈ ಎರಡು ಗೋಗಿಗಳ ಬಗ್ಗೆ ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ.

ಮೂರನೆಯ ಗೋಗಿಯೂ ಒಂದಿದೆ. ಅದರ ಬಗ್ಗೆ ಇವತ್ತಿನವರೆಗೆ ಒಂದು ಸಾಲು ಬರೆದಿಲ್ಲ. ಅದು ಇರುವುದು ಮುಂಬೈನ ಒಂದು ಬಾಡಿಗೆ ಕಂಪ್ಯೂಟರಿನಲ್ಲಿ. ಕಟ್ಟಿದವರು ನಮ್ಮ ಅಕ್ಕನ ಮಗ ಮತ್ತು ಅವನ ಗೆಳೆಯರು. ಒಮ್ಮೆ ಅದನ್ನು ಹಾಳು ಮಾಡಿದವರು ನಾವು. ಹೇಳಿಕೊಳ್ಳಲು ನಾಚಿಕೆ ಇದೆ. ಆದರೂ ಬರೆಯುತ್ತಿದ್ದೇವೆ. ನಿಮ್ಮ ಮನೆಯ ಹುಡುಗರೂ ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಲ್ಲಿ ಇಂಥದ್ದೊಂದನ್ನು ನಡೆಸುತ್ತಿರಬಹುದು.

ಶುರುವಿನಿಂದ ಹೇಳುತ್ತೇವೆ.

2020ರ ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದವು. ಆನ್‌ಲೈನ್ ಪಾಠಕ್ಕೆಂದು ಅಕ್ಕ ಸಾಲ ಮಾಡಿ ಫೋನ್ ಕೊಡಿಸಿದಳು. ಪಾಠಕ್ಕಿಂತ ಮೊದಲು ಅದರೊಳಗೆ ಪಬ್‌ಜಿ ಬಂತು. ನಾಲ್ಕು ಮಂದಿಯ ತಂಡ, ಕಿವಿಯಲ್ಲಿ ಇಯರ್‌ಫೋನು, ಓಣಿ ತುಂಬಾ ಕೂಗಾಟ. ಅದೇ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್‌ಜಿ ಮೊಬೈಲೂ ಇತ್ತು. ಹುಡುಗರು ಫ್ರೀ ಫೈರ್ ಹಿಡಿದರು. 2022ರ ಫೆಬ್ರವರಿಯಲ್ಲಿ ಅದೂ ನಿಂತಿತು. ಅಷ್ಟರಲ್ಲಿ ಪಬ್‌ಜಿಯೇ ಬಿಜಿಎಂಐ ಎಂಬ ಹೆಸರಿನಲ್ಲಿ ಮತ್ತೆ ಬಂದಿತ್ತು, 2021ರ ಜುಲೈನಲ್ಲಿ. ಒಂದು ವರ್ಷ ಆಗುತ್ತಲೇ, 2022ರ ಜುಲೈ ಕೊನೆಗೆ ಅದು ಪ್ಲೇ ಸ್ಟೋರ್‌ನಿಂದ ಮಾಯವಾಯಿತು. ತಿರುಗಿ ಬಂದದ್ದು 2023ರ ಮೇ ತಿಂಗಳಲ್ಲಿ.

ಸರ್ಕಾರದ ಕಾರಣಗಳು ಸರ್ಕಾರಕ್ಕೆ. ಹುಡುಗರಿಗೆ ತಿಳಿದದ್ದು ಇಷ್ಟೇ: ದಿನಾ ಸಂಜೆ ಸೇರುವ ಮೈದಾನಕ್ಕೆ ಯಾರೋ ಬೀಗ ಹಾಕುತ್ತಾರೆ, ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ.

"ಮಾಮಾ, ನಮ್ದೇ ಒಂದು ಜಾಗ ಇದ್ರ ಯಾರ್ ಬಂದ್ ಮಾಡ್ತಾರ?" ಎಂದು ಕೇಳಿದ ಅಕ್ಕನ ಮಗ. ಆಗ ಅವನು ಹತ್ತನೇ ಕ್ಲಾಸ್ ಮುಗಿಸಿ ಬೇಸಿಗೆ ರಜೆಯಲ್ಲಿದ್ದ.

ಅವನಿಗೆ ಸಿಕ್ಕಿದ್ದು ಮೈನ್‌ಟೆಸ್ಟ್ ಎಂಬ ಆಟ. ಮೈನ್‌ಕ್ರಾಫ್ಟ್ ಗೊತ್ತಿದ್ದವರಿಗೆ ಹೇಳುವುದಾದರೆ ಅದೇ ಥರದ್ದು, ಆದರೆ ಪುಕ್ಕಟೆ. ಫಿನ್ಲೆಂಡಿನ ಪೆರ್ಟು ಅಹೋಲಾ ಎಂಬವರು 2010ರಲ್ಲಿ ಶುರು ಮಾಡಿದ್ದು. ಆಮೇಲೆ ಬೇರೆ ಬೇರೆ ದೇಶಗಳ ಜನ ಕೂಡಿ ಬೆಳೆಸಿದರು. 2024ರ ಅಕ್ಟೋಬರ್‌ನಲ್ಲಿ ಅದರ ಹೆಸರು ಲುವಾಂಟಿ ಎಂದು ಬದಲಾಯಿತು. ಅದರಲ್ಲಿ ಗುಂಡು ಹಾರಿಸಲೇಬೇಕೆಂದಿಲ್ಲ. ಮಣ್ಣು, ಕಲ್ಲು, ಕಟ್ಟಿಗೆಯ ಚೌಕ ತುಂಡುಗಳನ್ನು ಅಗೆದು ತಂದು ಏನು ಬೇಕೋ ಅದನ್ನು ಕಟ್ಟಬಹುದು. ಕಡಿಮೆ ಬೆಲೆಯ ಫೋನಿನಲ್ಲೂ ನಡೆಯುತ್ತದೆ. ದೊಡ್ಡ ಗುಣ ಎಂದರೆ ಆಟ ನಡೆಸುವ ಸರ್ವರ್‌ನ ತಂತ್ರಾಂಶವನ್ನೂ ಪುಕ್ಕಟೆ ಕೊಡುತ್ತಾರೆ. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡು ತಮ್ಮದೇ ಜಗತ್ತು ತೆರೆಯಬಹುದು.

ನಮ್ಮ ಬಳಿ ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ಕೊಂಡ ಹಳೆಯ ಲ್ಯಾಪ್‌ಟಾಪ್ ಇತ್ತು. ಬ್ಯಾಟರಿ ಸತ್ತಿತ್ತು. ವೈರ್ ಹಚ್ಚಿದರೆ ಮಾತ್ರ ಬದುಕುತ್ತಿತ್ತು. ಅದನ್ನು ಅವನಿಗೆ ಕೊಟ್ಟೆವು. ಅವನು ಫೋನಿನ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ, ಅಕ್ಕನ ಪಡಸಾಲೆಯಲ್ಲಿ ಎಂಟು ಮಂದಿ ಹುಡುಗರನ್ನು ಕೂಡಿಸಿದ. ಅವನ ತಂಗಿ ಒಂಬತ್ತನೆಯವಳು. ಹಾಟ್‌ಸ್ಪಾಟ್‌ನ ಒಳಗೇ ಆಡುವುದರಿಂದ ಇಂಟರ್‌ನೆಟ್ ಡೇಟಾ ಕೂಡ ಖರ್ಚಾಗುತ್ತಿರಲಿಲ್ಲ. ಕರೆಂಟ್ ಹೋದರೆ ಜಗತ್ತು ಹೋಗುತ್ತಿತ್ತು. ಬಂದರೆ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಅವರು ಮೊದಲು ಕಟ್ಟಿದ್ದು ಶಾಲೆ. ಆಮೇಲೆ ಬಸ್ ನಿಲ್ದಾಣ. ಆಮೇಲೆ ದರ್ಗಾ. ದರ್ಗಾದ ಗುಮ್ಮಟವನ್ನು ಚೌಕ ಕಲ್ಲುಗಳಲ್ಲಿ ದುಂಡಗೆ ಮಾಡಲು ಒಂದು ವಾರ ಒದ್ದಾಡಿದರು. ಕೊನೆಗೆ ನೋಟ್‌ಬುಕ್‌ನ ಚೌಕಳಿ ಹಾಳೆಯ ಮೇಲೆ ವೃತ್ತ ಎಳೆದು, ಯಾವ ಚೌಕ ತುಂಬಬೇಕು, ಯಾವುದು ಬಿಡಬೇಕು ಎಂದು ಗುರುತು ಹಾಕಿಕೊಂಡು ಕಟ್ಟಿದರು. ಗಣಿತದ ಮೇಷ್ಟ್ರು ನೋಡಿದ್ದರೆ ಖುಷಿಪಡುತ್ತಿದ್ದರು.

ಆ ಎಂಟು ಹುಡುಗರಲ್ಲಿ ಒಬ್ಬನ ಮನೆಯವರು ಶಾಲೆ ಶುರುವಾಗುವ ಮೊದಲೇ ಬೆಂಗಳೂರಿಗೆ ಹೋದರು. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟಡ ಕೆಲಸ, ತಗಡಿನ ಶೆಡ್ಡು. ಈ ಸಲ ಅಜ್ಜಿಯನ್ನೂ ಕರೆದುಕೊಂಡು ಹೋದರು. ಮನೆಗೆ ಬೀಗ ಬಿತ್ತು. ಹುಡುಗ ಅಲ್ಲೇ ಕೆಲಸಕ್ಕೆ ಸೇರಿದ.

ರಾತ್ರಿ ಫೋನ್ ಮಾಡಿ ಕೇಳುತ್ತಿದ್ದ, "ನಾ ಇಲ್ಲಿಂದ ಆಟಕ್ಕ ಬರ್ಲಿಕ್ಕ ಆಗ್ತದೇನು?"

ಆಗುತ್ತಿರಲಿಲ್ಲ. ಯಾಕೆ ಎಂಬುದು ನಮಗೂ ಆಗಲೇ ತಿಳಿದದ್ದು. ಇಂಟರ್‌ನೆಟ್ಟಿನಲ್ಲಿ ಹಳೆಯ ಬಗೆಯ ವಿಳಾಸಗಳು ಜಗತ್ತಿಗೆಲ್ಲಾ ಸೇರಿ ಸುಮಾರು 430 ಕೋಟಿ ಮಾತ್ರ. ಎಲ್ಲ ಫೋನಿಗೂ ಒಂದೊಂದು ಕೊಡಲು ಸಾಲುವುದಿಲ್ಲ. ಅದಕ್ಕೆ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಎಷ್ಟೋ ಗಿರಾಕಿಗಳನ್ನು ಕೂಡಿಸುತ್ತವೆ. ಒಳಗಿನಿಂದ ನಾವು ಹೊರಗೆ ಹೋಗಬಹುದು. ಹೊರಗಿನಿಂದ ಬಂದವರಿಗೆ ಮಾತ್ರ ಯಾವ ಮನೆ ನಮ್ಮದು ಎಂದು ಗೊತ್ತಾಗುವುದಿಲ್ಲ. ಇಡೀ ಓಣಿಗೆ ಒಂದೇ ಮನೆ ನಂಬರ್ ಇದ್ದಂತೆ. ಪೋಸ್ಟ್‌ಮ್ಯಾನ್ ಬಂದರೆ ಎಲ್ಲಿ ಕೊಡಬೇಕು?

ಹೀಗಾಗಿ ಊರ ಹೊರಗಿನ ಒಬ್ಬನನ್ನು ಒಳಗೆ ಕರೆಯಬೇಕಾದರೆ ಸರ್ವರ್ ಒಂದು ಸ್ವಂತ ವಿಳಾಸ ಇರುವ ಕಡೆ, ಕರೆಂಟ್ ಹೋಗದ ಕಡೆ ಇರಬೇಕು. ಇದನ್ನೇ ಹೋಸ್ಟಿಂಗ್ ಎನ್ನುತ್ತಾರೆ. ದೊಡ್ಡ ಕಟ್ಟಡದಲ್ಲಿ ಸಾವಿರಾರು ಕಂಪ್ಯೂಟರ್ ಇಟ್ಟುಕೊಂಡ ಕಂಪನಿ, ಒಂದೊಂದು ಕಂಪ್ಯೂಟರನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಡುತ್ತದೆ. ವೆಬ್‌ಸೈಟ್ ಇಡುವವರೂ ಅಲ್ಲೇ, ಆಟದ ಸರ್ವರ್ ಇಡುವವರೂ ಅಲ್ಲೇ. ಆಟದವರಿಗೆ ಒಂದೇ ವ್ಯತ್ಯಾಸ: ಅವರಿಗೆ ವೇಗ ಬೇಕು.

ನಾವು ಮೊದಲು ಅಗ್ಗ ಎಂದು ಯುರೋಪಿನ ಒಂದು ಸರ್ವರ್ ಹಿಡಿದೆವು. ಬೆಂಗಳೂರಿನ ಹುಡುಗ ಬಂದ. ಎಲ್ಲರಿಗೂ ಹಬ್ಬ. ಆದರೆ ಕಲ್ಲು ಒಡೆದರೆ ಅದು ಒಡೆಯುವುದು ಒಂದು ಗಳಿಗೆ ತಡವಾಗಿ. ಬಾಗಿಲು ತೆರೆದರೆ ತೆರೆದ ಬಾಗಿಲು ಮತ್ತೆ ಮುಚ್ಚಿಕೊಂಡು ಮತ್ತೆ ತೆರೆಯುವುದು. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಳಲು ಬಹಳ ಎನಿಸುತ್ತದೆ. ಆದರೆ ಯುರೋಪಿಗೆ ಹೋಗಿ ಬರುವುದು ಸಾವಿರಾರು ಕಿಲೋಮೀಟರ್, ನಡುವೆ ಹತ್ತಾರು ಕಡೆ ತಿರುವು. ಹುಡುಗರು ಇದನ್ನು ಪಿಂಗ್ ಎನ್ನುತ್ತಾರೆ. ಒಂದು ತಿಂಗಳ ನಂತರ ಮುಂಬೈನಲ್ಲಿರುವ ಸರ್ವರಿಗೆ ಬದಲಾಯಿಸಿದೆವು. ಬಾಡಿಗೆ ಹೆಚ್ಚು. ಪಿಂಗ್ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು.

ಬಾಡಿಗೆ ಸುಮಾರು 400 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮಕ್ಕಳು ತಲೆಗೆ 40 ರೂಪಾಯಿ ಕೂಡಿಸುತ್ತಿದ್ದರು. ಕಡಿಮೆ ಬಿದ್ದದ್ದು ನಮ್ಮದು. ಖಾತೆ ತೆರೆಯಲು ದೊಡ್ಡವರ ಹೆಸರು, ಇಮೇಲ್, ಕಾರ್ಡು ಬೇಕು. ಅವೂ ನಮ್ಮವೇ. ಹೆಸರು ಕೊಡುವಾಗ ಒಂದು ಕ್ಷಣ ಯೋಚಿಸಿದೆವು. 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಸರ್ವರ್ ಬಾಡಿಗೆ ಕೊಡುವ ಕಂಪನಿಗಳು ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರನ್ನು ಅವನು ಬಿಟ್ಟು ಹೋದ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕು. ಸರ್ವರಿನಲ್ಲಿ ಏನಾದರೂ ತಪ್ಪು ನಡೆದರೆ ಮೊದಲು ಬಾಗಿಲು ಬಡಿಯುವುದು ಹೆಸರು ಕೊಟ್ಟವನ ಮನೆಯದ್ದು. ಇರಲಿ, ನಮ್ಮ ಹುಡುಗರು, ಎಂದುಕೊಂಡು ಕೊಟ್ಟೆವು. ತಿಂಗಳಾ ತಾನೇ ಹಣ ಕಟ್ಟಾಗುವಂತೆ ಮಾಡಿ ಮರೆತುಬಿಟ್ಟೆವು.

ಆ ಮರೆವೇ ಮುಂದೆ ಎಲ್ಲಕ್ಕೂ ಕಾರಣವಾಯಿತು.

ಇದು 2023ರ ದಸರಾ ಹೊತ್ತಿನ ಮಾತು. ಮುಂದಿನ ಒಂದೂವರೆ ವರ್ಷ ಆ ಗೋಗಿ ಬೆಳೆಯಿತು. ಬೆಂಗಳೂರಿನ ಹುಡುಗ ಬಂದವನೇ ಕಟ್ಟಿದ್ದು ತನ್ನ ಮನೆ. ಕಟ್ಟೆ, ತಲೆಬಾಗಿಲು, ಪಡಸಾಲೆ, ಅಡಿಗೆ ಮನೆ, ಹಿತ್ತಲ ಬೇವಿನ ಗಿಡ. ರಾತ್ರಿ ಹತ್ತರ ನಂತರ ಕೆಲಸದಿಂದ ಬಂದು ಶೆಡ್ಡಿನಲ್ಲಿ ಮಲಗಿಕೊಂಡೇ ಕಟ್ಟುತ್ತಿದ್ದ. ಕಟ್ಟುವುದು ಮುಗಿದ ಮೇಲೂ ದಿನಾ ಬರುತ್ತಿದ್ದ. ಏನೂ ಮಾಡುತ್ತಿರಲಿಲ್ಲ ಎನ್ನುತ್ತಾನೆ ನಮ್ಮ ಅಕ್ಕನ ಮಗ. "ಸುಮ್ನ ಕಟ್ಟಿ ಮ್ಯಾಲ ಕುಂದ್ರತಿದ್ದ, ಮಾಮಾ. ನಾವೂ ಹೋಗಿ ಕುಂದ್ರತಿದ್ವಿ. ಮಾತಾಡ್ತಿದ್ವಿ."

2024ರ ಮಳೆಗಾಲದಲ್ಲಿ ಬೀಗ ಹಾಕಿದ್ದ ಆ ಮನೆ ಬಿತ್ತು. ಮಣ್ಣಿನ ಮಾಳಿಗೆ ಮನೆ. ವರ್ಷಕ್ಕೊಮ್ಮೆ ಮಾಳಿಗೆ ಮೇಲೆ ಮಣ್ಣು ಹಾಕಿ ತುಳಿಯುವವರು ಇಲ್ಲದಿದ್ದರೆ ನೀರು ಇಳಿಯುತ್ತದೆ. ಜಂತಿ ಮುರಿಯುತ್ತದೆ. ನಾವೇ ಹೋಗಿ ಫೋಟೊ ತೆಗೆದು ಕಳಿಸಿದೆವು. ಪರಿಹಾರದ ಅರ್ಜಿಗೆ ಬೇಕಾಗುತ್ತದೆ ಎಂದು. ಒಳಗೆ ಯಾರೂ ಇರಲಿಲ್ಲ, ಪುಣ್ಯ.

ಆ ಹುಡುಗ ಅಜ್ಜಿಗೆ ಬಿದ್ದ ಮನೆಯ ಫೋಟೊ ತೋರಿಸಲಿಲ್ಲವಂತೆ. ಆಟದೊಳಗಿನ ಮನೆ ತೋರಿಸಿದನಂತೆ. ಅಜ್ಜಿ ಫೋನ್ ಕಣ್ಣಿನ ಹತ್ತಿರ ಹಿಡಿದು ನೋಡಿ, "ಗೂಡು ಎಲ್ಲಿ ಅದ? ದೀಪ ಇಡೋ ಗೂಡು?" ಎಂದು ಕೇಳಿದಳಂತೆ. ಅವನು ಗೋಡೆಯಲ್ಲಿ ಒಂದು ಚೌಕ ಅಗೆದು ಗೂಡು ಮಾಡಿ, ಒಳಗೆ ಪಂಜು ಇಟ್ಟ.

ಈ ಸಂಗತಿ ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಮೇಲ್ ನೋಡುತ್ತಿದ್ದೆವೋ ಏನೋ.

2025ರ ಬೇಸಿಗೆಯಲ್ಲಿ ನಮ್ಮ ಹಳೆಯ ಎಟಿಎಂ ಕಾರ್ಡಿನ ಅವಧಿ ಮುಗಿಯಿತು. ಬ್ಯಾಂಕಿನಿಂದ ಹೊಸದು ಬಂತು. ಹಳೆಯ ಕಾರ್ಡಿನ ಮೇಲೆ ಕೊಟ್ಟಿದ್ದ ಒಪ್ಪಿಗೆ ಹಳೆಯ ಕಾರ್ಡಿನ ಜೊತೆಗೇ ಹೋಯಿತು. ಹೊಸದನ್ನು ಹೋಸ್ಟಿಂಗ್ ಖಾತೆಗೆ ಹಾಕಬೇಕಿತ್ತು, ಹಾಕಲಿಲ್ಲ. ಹಾಕಿದ್ದರೂ ಖಾತೆಯಲ್ಲಿ ಹಣ ಇರಲಿಲ್ಲ. ಸ್ಟ್ರಿಂಗರ್ ಎಂದರೆ ಸುದ್ದಿಗಿಷ್ಟು ಎಂದು ದುಡಿಯುವವರು. ಆ ಹೊತ್ತಿಗೆ ಮೂರು ತಿಂಗಳ ಬಿಲ್ ಬಾಕಿ ಇತ್ತು.

ಜೂನ್‌ನಲ್ಲಿ ಒಂದು ರಾತ್ರಿ ಹುಡುಗರಿಗೆ ಸರ್ವರ್ ಸಿಗಲಿಲ್ಲ. ಅಕ್ಕನ ಮಗ ಹೇಳಿದ. "ನೋಡ್ತೀನಿ ಬಿಡು," ಎಂದೆವು. ಎರಡು ದಿನ ಬಿಟ್ಟು ಮತ್ತೆ ಹೇಳಿದ. ಬಿತ್ತನೆ ಬೀಜದ ಸುದ್ದಿಯ ಹಿಂದೆ ತಿರುಗುತ್ತಿದ್ದೆವು. ಮತ್ತೆ "ನೋಡ್ತೀನಿ" ಎಂದೆವು. ಮೂರನೇ ಸಲ ಅವನು ಹೇಳಲಿಲ್ಲ.

ಒಂದು ಭಾನುವಾರ ಕೂತು ಆ ಇಮೇಲ್ ತೆರೆದೆವು. ಆ ವಿಳಾಸವನ್ನು ನಾವು ಬೇರೆ ಯಾವುದಕ್ಕೂ ಬಳಸುವುದಿಲ್ಲ. ಐದು ಇಮೇಲ್ ಬಂದಿದ್ದವು. ಹಣ ಕಟ್ಟಾಗಲಿಲ್ಲ. ಮತ್ತೆ ಪ್ರಯತ್ನಿಸಿದೆವು. ಸರ್ವರ್ ನಿಲ್ಲಿಸಿದ್ದೇವೆ. ಇಷ್ಟು ದಿನದಲ್ಲಿ ಕಟ್ಟದಿದ್ದರೆ ಅಳಿಸುತ್ತೇವೆ. ಐದನೆಯದು: ಅಳಿಸಿದ್ದೇವೆ.

ಕೂಡಲೇ ಸಾಲ ಮಾಡಿ ಹಣ ಕಟ್ಟುತ್ತೇವೆ, ತಿರುಗಿ ಕೊಡಿ ಎಂದು ಬರೆದೆವು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮರ್ಯಾದೆಯಿಂದಲೇ ಬರೆದಿದ್ದರು. ಅಳಿಸಿದ್ದನ್ನು ತರಲು ಬರುವುದಿಲ್ಲ, ಖಾತೆ ತೆರೆಯುವಾಗ ಒಪ್ಪಿದ ಕರಾರಿನಲ್ಲಿ ಇದೆ ಎಂದು. ಹೋಗಿ ನೋಡಿದೆವು. ಇತ್ತು. ಓದದೆ ಒಪ್ಪಿಗೆ ಒತ್ತಿದವರು ನಾವು. ಇದರಲ್ಲಿ ಕಂಪನಿಯ ತಪ್ಪಿಲ್ಲ.

ಶಹಾಪುರದಲ್ಲಿ ಅಂಗಡಿ ಬಾಡಿಗೆ ಮೂರು ತಿಂಗಳು ಕಟ್ಟದಿದ್ದರೆ ಮಾಲೀಕ ಬೀಗ ಹಾಕುತ್ತಾನೆ. ಬೈಯುತ್ತಾನೆ. ಕೊನೆಗೆ ಸಾಮಾನು ಬೀದಿಗೆ ಎಸೆಯುತ್ತಾನೆ. ಬೀದಿಯಿಂದಲಾದರೂ ಎತ್ತಿಕೊಂಡು ಬರಬಹುದು. ಇಲ್ಲಿ ಸಾಮಾನೇ ಇರುವುದಿಲ್ಲ. ನೀವು ಬಿಟ್ಟ ಜಾಗ ಮರುದಿನ ಇನ್ನೊಬ್ಬನಿಗೆ ಬಾಡಿಗೆಗೆ ಹೋಗಿರುತ್ತದೆ.

ಬಾಡಿಗೆ ಸರಿಯಾಗಿ ಕಟ್ಟಿದವರಿಗೂ ಇದು ತಪ್ಪಿದ್ದಲ್ಲ ಎಂದು ಆಮೇಲೆ ಓದಿ ತಿಳಿದೆವು. 2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಒವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಐದಂತಸ್ತಿನ ಕಟ್ಟಡ ಪೂರ್ತಿ ಸುಟ್ಟಿತು. ಜನರಿಗೆ ಏನೂ ಆಗಲಿಲ್ಲ. ಆದರೆ ರಸ್ಟ್ ಎಂಬ ಆಟದ 25 ಸರ್ವರ್‌ಗಳು ಅಲ್ಲಿದ್ದವು. ಅದನ್ನು ನಡೆಸುವ ಫೇಸ್‌ಪಂಚ್ ಸಂಸ್ಥೆ, ಅವುಗಳಲ್ಲಿದ್ದದ್ದು ಯಾವುದೂ ಸಿಗುವುದಿಲ್ಲ ಎಂದು ಆಟಗಾರರಿಗೆ ಹೇಳಬೇಕಾಯಿತು. ಅಷ್ಟು ದೊಡ್ಡವರ ಪರಿಸ್ಥಿತಿ ಅದು. ಬೆಂಕಿ ಬಿದ್ದರೂ ಒಂದೇ, ಬಾಡಿಗೆ ಮರೆತರೂ ಒಂದೇ. ಬೇರೆ ಕಡೆ ನಕಲು ಇಟ್ಟವನದ್ದು ಉಳಿಯುತ್ತದೆ.

ಅಕ್ಕನ ಮಗನಿಗೆ ಹೇಳಿದೆವು. ಅವನು ಏನೂ ಅನ್ನಲಿಲ್ಲ. ಬೈದಿದ್ದರೆ ಚಲೋ ಇತ್ತು. ಒಳಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗಿದ. ಅವನ ತಂಗಿ ಕೇಳಿದಳು, "ಮಾಮಾ, ಬರೀ ನಾನೂರು ರೂಪಾಯಿಗೆ?"

ರಾತ್ರಿ ಬೆಂಗಳೂರಿನಿಂದ ಫೋನ್ ಬಂತು. ಅವನು ನಮ್ಮನ್ನು ಕಾಕಾ ಎನ್ನುತ್ತಾನೆ. "ಕಾಕಾ, ನಮ್ಮ ಮನಿ ಭೀ ಹೋತೇನ್ರಿ?"

"ಹೋಯ್ತಪ್ಪ. ತಪ್ಪು ನಮ್ದು," ಎಂದೆವು. ಬೇರೆ ಏನು ಹೇಳುವುದು? ಆಗಲೇ ಅವನು ಅಜ್ಜಿಯ ವಿಷಯ, ಗೂಡಿನ ವಿಷಯ ಹೇಳಿದ್ದು. ಸಿಟ್ಟಿನಿಂದ ಹೇಳಲಿಲ್ಲ. ಸುಮ್ಮನೆ ಹೇಳಿದ.

ಮಳೆಯಲ್ಲಿ ಬಿದ್ದ ಮನೆಗೆ ಫೋಟೊ ತೆಗೆದು ಅರ್ಜಿ ಬರೆದುಕೊಟ್ಟವರು ನಾವು. ಇದಕ್ಕೆ ಎಲ್ಲಿ ಅರ್ಜಿ ಹಾಕುವುದು?

ಎರಡು ದಿನದ ಮೇಲೆ ಹಳೆಯ ಲ್ಯಾಪ್‌ಟಾಪ್ ನೆನಪಾಯಿತು. ಸರ್ವರ್ ಬಾಡಿಗೆ ಹಿಡಿಯುವ ಮೊದಲು ಆಟ ಅದರಲ್ಲೇ ನಡೆದಿತ್ತಲ್ಲ. ವೈರ್ ಹಚ್ಚಿ ತೆರೆದೆವು. ಜಗತ್ತಿನ ಕಡತಗಳೆಲ್ಲಾ ಒಂದು ಫೋಲ್ಡರಿನಲ್ಲಿ ಹಾಗೆಯೇ ಇದ್ದವು, 2023ರ ದಸರಾಕ್ಕೆ ನಿಂತಂತೆ. ಶಾಲೆ ಇತ್ತು. ಬಸ್ ನಿಲ್ದಾಣ ಇತ್ತು. ದರ್ಗಾದ ಗುಮ್ಮಟ ಇತ್ತು. ಬೆಂಗಳೂರಿನ ಹುಡುಗನ ಮನೆ ಇದ್ದ ಕಡೆ ಬರೀ ಬಯಲು. ಅದನ್ನು ಅವನು ಕಟ್ಟಿದ್ದು ಆಮೇಲೆ.

ಹೊಸದಾಗಿ ಸರ್ವರ್ ಹಿಡಿಯೋಣ ಎನ್ನುವಷ್ಟರಲ್ಲಿ ಆಗಸ್ಟ್ ಬಂತು. ಆನ್‌ಲೈನ್ ಗೇಮಿಂಗ್ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಪಾಸಾಯಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಟಿವಿಯಲ್ಲಿ ದಿನವಿಡೀ ಅದೇ. ಅಕ್ಕ ನೋಡಿ ನಮ್ಮನ್ನು ಕರೆಸಿದಳು.

"ಆನ್‌ಲೈನ್ ಗೇಮ್ ಆಡಿದ್ರ ಜೇಲಂತ. ನೀ ನೋಡಿದ್ರ ನನ್ನ ಮಗನಿಗೆ ರೊಕ್ಕ ಕಟ್ಟಿ ಆಡ್ಸಾಕತ್ತಿ. ಏನ್ ತಮ್ಮಾ ಇದು?"

ಅಕ್ಕನ ಹೆದರಿಕೆ ಸುಳ್ಳಲ್ಲ. ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಹಣ ಕಳೆದುಕೊಂಡು ಹೊಲ ಅಡ ಇಟ್ಟವರ ಕಥೆ ಕೇಳದ ಊರು ಯಾವುದಿದೆ? ರಾಜ್ಯ ಸರ್ಕಾರ 2021ರಲ್ಲೇ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಈಗ ಕೇಂದ್ರದ ಕಾಯ್ದೆ ಬಂದಿದೆ.

ನಾವು ಅಕ್ಕನಿಗೆ ಕಾಯ್ದೆ ಓದಿ ಹೇಳಿದೆವು. ಅದು ಆಟಗಳನ್ನು ಬೇರೆ ಬೇರೆ ಮಾಡುತ್ತದೆ. ಗೆದ್ದರೆ ಹಣ ಬರುತ್ತದೆಂದು ಹಣ ಒಡ್ಡಿ ಆಡುವುದು ಒಂದು. ಅದು ಬಂದ್. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಎಂಬ ಪಂದ್ಯಾಟ ಇನ್ನೊಂದು. ಮನರಂಜನೆಗೆ, ಕಲಿಕೆಗೆ, ಒಬ್ಬರನ್ನೊಬ್ಬರು ಕೂಡಲು ಆಡುವ ಸಾಮಾಜಿಕ ಆಟ ಮೂರನೆಯದು. ಇದಕ್ಕೆ ಚಂದಾ ಕಟ್ಟಿದರೆ ತಪ್ಪಲ್ಲ. ಅದು ಪಣವಾಗಬಾರದು, ಗೆದ್ದವನಿಗೆ ಹಣ ಹೋಗಬಾರದು ಅಷ್ಟೇ.

"ಹಂಗಾದ್ರ ಆ ನಾನೂರು ರೂಪಾಯಿ ಯಾರ್ ಗೆಲ್ತಾರ?" ಅಕ್ಕ ಕೇಳಿದಳು.

"ಯಾರೂ ಗೆಲ್ಲಂಗಿಲ್ಲ. ಅದು ಬಾಡಗಿ. ಮುಂಬೈದಾಗ ಒಂದು ಮಿಷನ್ ಇಪ್ಪತ್ನಾಕು ತಾಸು ಹುಡುಗ್ರ ಸಲುವಾಗಿ ಕುಂತಿರ್ತದ, ಅದರ ಬಾಡಗಿ."

ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, "ಬಾಡಗಿ ಅಂದ್ರ ಬಾಕಿ ಇಟ್ಟಿದ್ಯಾಕ?" ಎಂದಳು. ಉತ್ತರ ಇರಲಿಲ್ಲ.

ಈಗ ಸರ್ವರ್ ಮತ್ತೆ ಇದೆ. ಈ ಸಲ ನಡೆಸುವ ರೀತಿ ಬೇರೆ. ಹಣ ಮೂರು ತಿಂಗಳಿಗೊಮ್ಮೆ ಮುಂಗಡ ಕಟ್ಟುತ್ತೇವೆ, ತಾನೇ ಕಟ್ಟಾಗಲು ಬಿಟ್ಟಿಲ್ಲ. ಯುಪಿಐ ತೆಗೆದುಕೊಳ್ಳುವ ಕಂಪನಿ ಹುಡುಕಿದೆವು. ಕಟ್ಟುವ ತಾರೀಖನ್ನು ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ, ಸಂಘದ ಕಂತಿನ ತಾರೀಖಿನ ಪಕ್ಕದಲ್ಲೇ ಬರೆದಿದ್ದೇವೆ. ಅಕ್ಕ ಸಂಘದ ಕಂತು ಇವತ್ತಿನವರೆಗೆ ತಪ್ಪಿಸಿಲ್ಲ. ಖಾತೆ ನಮ್ಮ ಹೆಸರಿನಲ್ಲೇ ಇದೆ, ಆದರೆ ಕಂಪನಿಯ ಇಮೇಲ್‌ಗಳು ನಾವು ದಿನಾ ಸುದ್ದಿ ಕಳಿಸುವ ವಿಳಾಸಕ್ಕೇ ಬರುತ್ತವೆ. ಒಂದು ಪ್ರತಿ ಅಕ್ಕನ ಮಗನಿಗೂ ಹೋಗುತ್ತದೆ.

ತಿಂಗಳಿಗೆ ಎರಡು ಸಲ ಅವನು ಸರ್ವರ್ ನಿಲ್ಲಿಸಿ ಪೂರ್ತಿ ಫೋಲ್ಡರ್ ಇಳಿಸಿಕೊಳ್ಳುತ್ತಾನೆ. ಆಟ ನಡೆಯುವಾಗಲೇ ನಕಲು ಮಾಡಿದರೆ ಅರ್ಧಂಬರ್ಧ ಬರುವ ಭಯ ಇರುತ್ತದೆ, ಅದಕ್ಕೆ ನಿಲ್ಲಿಸಬೇಕು. ಒಂದು ನಕಲು ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವ್ ಇರುವುದು ಅಕ್ಕನ ಟ್ರಂಕಿನಲ್ಲಿ, ಹೊಲದ ಕಾಗದಪತ್ರಗಳ ಜೊತೆ. ನಕಲು ಮಾಡಿದ ಮೇಲೆ ಅದನ್ನು ಹಾಟ್‌ಸ್ಪಾಟ್‌ನಲ್ಲಿ ತೆರೆದು, ಒಳಗೆ ಒಂದು ಸುತ್ತು ತಿರುಗಿ ಬರುತ್ತಾನೆ. ತೆರೆದು ನೋಡದ ನಕಲನ್ನು ನಂಬಬಾರದು ಎಂದು ಅವನೇ ಕಲಿತಿದ್ದಾನೆ.

ಬಾಗಿಲಿಗೆ ಈಗ ಕಾವಲೂ ಇದೆ. ಮೊದಲು ವಿಳಾಸ ಗೊತ್ತಿದ್ದ ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಒಮ್ಮೆ ಯಾರೋ ಬಂದು ಶಾಲೆಯ ಗೋಡೆ ಒಡೆದು, ಅಕ್ಕನ ಮಗಳಿಗೆ ಕೆಟ್ಟ ಮಾತು ಬರೆದು ಹೋದರಂತೆ. ಹೆದರಿ ನಮಗೆ ಹೇಳಿರಲಿಲ್ಲ. ಈಗ ಪಟ್ಟಿಯಲ್ಲಿ ಹೆಸರಿದ್ದು, ಪಾಸ್‌ವರ್ಡ್ ಇದ್ದವರಿಗೆ ಮಾತ್ರ ಪ್ರವೇಶ. ಪಟ್ಟಿ ತಿದ್ದುವ ಅಧಿಕಾರ ಅಕ್ಕನ ಮಗಳ ಕೈಯಲ್ಲಿದೆ. ನಮ್ಮಲ್ಲಿ ಬಹಳ ಕಟ್ಟುನಿಟ್ಟು ಅವಳೇ.

ಪಾಸ್‌ವರ್ಡಿನ ಮಾತು ಬಂದಾಗ ಹುಡುಗರಿಗೆ ಒಂದು ನಿಜ ಕಥೆ ಹೇಳಿದೆವು. ಅಮೆರಿಕದ ಮೂವರು ಯುವಕರು, ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರ ನಡುವಿನ ಪೈಪೋಟಿಯಲ್ಲಿ ಎದುರಾಳಿಗಳ ಸರ್ವರ್ ಕೆಡವಲು 2016ರಲ್ಲಿ ಮಿರಾಯ್ ಎಂಬ ತಂತ್ರಾಂಶ ಮಾಡಿದರು. ಅದು ಜನರ ಮನೆಯ ಸಿಸಿ ಕ್ಯಾಮೆರಾ, ವೈಫೈ ಪೆಟ್ಟಿಗೆಗಳೊಳಗೆ ನುಗ್ಗುತ್ತಿತ್ತು. ಯಾಕೆಂದರೆ ಅವುಗಳ ಕಾರ್ಖಾನೆಯ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ಆ ಲಕ್ಷಾಂತರ ಪೆಟ್ಟಿಗೆಗಳಿಂದ ಒಮ್ಮೆಲೇ ಒಂದು ಸರ್ವರಿನ ಬಾಗಿಲು ಬಡಿಸುತ್ತಿದ್ದರು. ಆ ತಂತ್ರಾಂಶ ಬಯಲಾದ ಮೇಲೆ, ಅದೇ ವರ್ಷ ಅಕ್ಟೋಬರ್ 21ರಂದು ಅದನ್ನು ಬಳಸಿ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗಲಿಲ್ಲ. ಮೂವರೂ 2017ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಹುಡುಗರ ಆಟದ ಜಗಳ ಅಲ್ಲಿಯವರೆಗೆ ಹೋಯಿತು. ಕಥೆ ಕೇಳಿದ ಮರುದಿನ ಅಕ್ಕನ ಮಗ ಕಿರಾಣಿ ಅಂಗಡಿಯ ಸಿಸಿ ಕ್ಯಾಮೆರಾದ ಪಾಸ್‌ವರ್ಡ್ ಬದಲಾಯಿಸಿ ಕೊಟ್ಟು ಬಂದ. ನಿಮ್ಮ ಮನೆಯಲ್ಲೂ ಇದ್ದರೆ ಬದಲಾಯಿಸಿ.

ಹೊಲ ಕೊಳ್ಳುವಾಗ ನಾವು ಹತ್ತು ಸಲ ಪಹಣಿ ನೋಡುತ್ತೇವೆ. ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟು, ದಾರಿ ಯಾವ ಕಡೆ ಎಂದು ಕೇಳುತ್ತೇವೆ. ಮಕ್ಕಳು ಫೋನಿನಲ್ಲಿ ಕಟ್ಟುವುದಕ್ಕೂ ಇವೇ ಪ್ರಶ್ನೆಗಳು ಸಾಕು. ಯಾರ ಹೆಸರಿನಲ್ಲಿದೆ? ಹಣ ಯಾವಾಗ ಕಟ್ಟಬೇಕು? ಒಳಗೆ ಯಾರು ಬರುತ್ತಾರೆ? ನಕಲು ಎಲ್ಲಿದೆ? "ಆಟ ತಾನೇ" ಎಂದು ಕೇಳದೆ ಬಿಟ್ಟವರು ನಾವು.

ಬೆಂಗಳೂರಿನ ಹುಡುಗ ಮತ್ತೆ ಬರುತ್ತಿದ್ದಾನೆ. ಮೊದಲ ಕೆಲವು ದಿನ ಬಯಲಿನಲ್ಲಿ ಸುಮ್ಮನೆ ನಿಂತು ಹೋಗುತ್ತಿದ್ದನಂತೆ. ಆಮೇಲೆ ಕಟ್ಟಲು ಶುರು ಮಾಡಿದ. ಮೊದಲ ಸಲ ತನ್ನ ನೆನಪಿನಿಂದ ಕಟ್ಟಿದ್ದ. ಈ ಸಲ ಪಕ್ಕದಲ್ಲಿ ಅಜ್ಜಿ ಕೂರುತ್ತಾಳೆ. ಪಡಸಾಲೆ ಎಷ್ಟು ಮಾರು, ಬೀಸುಕಲ್ಲು ಯಾವ ಮೂಲೆ, ಕಟ್ಟೆಗೆ ಎಷ್ಟು ಮೆಟ್ಟಿಲು ಎಂದು ಹೇಳುತ್ತಾಳೆ. ಮೊದಲಿನ ಮನೆಯಲ್ಲಿ ಅಡಿಗೆ ಮನೆಯ ಬಾಗಿಲು ತಪ್ಪು ಕಡೆ ಇತ್ತಂತೆ. ಈಗ ಸರಿ ಮಾಡಿದ್ದಾನೆ.

ಹೋದ ವಾರ ರಾತ್ರಿ ಅಕ್ಕನ ಮಗನ ಫೋನಿನಲ್ಲಿ ನಾವೂ ಒಳಗೆ ಹೋಗಿ ಬಂದೆವು. ನಮಗೆ ನಡೆಯಲು ಬರುವುದಿಲ್ಲ. ಗೋಡೆಗೆ ಹಾಯುತ್ತಾ ಹೋದೆವು. ದರ್ಗಾ ದಾಟಿ, ಶಾಲೆ ದಾಟಿ, ಆ ಮನೆಯ ಕಟ್ಟೆ ಹತ್ತಿ ಒಳಗೆ ನೋಡಿದೆವು. ಮಾಳಿಗೆ ಇನ್ನೂ ಹಾಕಿರಲಿಲ್ಲ, ಮೇಲೆ ನಕ್ಷತ್ರ ಕಾಣುತ್ತಿದ್ದವು. ಗೂಡಿನಲ್ಲಿ ದೀಪ ಇತ್ತು.

"ಕಾಕಾ, ಇವತ್ತು ಎಷ್ಟನೇ ತಾರೀಖ್ರಿ?" ಎಂದು ಬೆಂಗಳೂರಿನಿಂದ ಅವನು ಬರೆದ.

ಅಂದು 15. ನಕಲು ತೆಗೆಯುವ ದಿನ. ಅಕ್ಕನ ಮಗ ಎಲ್ಲರನ್ನೂ ಹೊರಗೆ ಬರಲು ಹೇಳಿ ಸರ್ವರ್ ನಿಲ್ಲಿಸಿದ. ಇಳಿಸಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಪೆನ್‌ಡ್ರೈವ್ ಟ್ರಂಕಿಗೆ ಹೋಗುವವರೆಗೆ ನಾವು ಅಲ್ಲೇ ಕೂತಿದ್ದೆವು.